ನಿಯಮದ ಅಂಚಿನಲ್ಲಿ: ಒರಗು ಸೈಕಲ್ಲು ಮತ್ತು ಅದರ ಸಣ್ಣ ತಯಾರಕರು

ಬೆನ್ನನ್ನು ಆಸನಕ್ಕೆ ಒರಗಿಸಿ, ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ಲಿಗೆ ರಿಕಂಬೆಂಟ್ ಸೈಕಲ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ಒರಗು ಸೈಕಲ್ಲು ಎಂದೇ ಕರೆಯಲಾಗಿದೆ. ಸಾಮಾನ್ಯ ಸೈಕಲ್ಲಿಗಿಂತ ಸಮತಟ್ಟಾದ ದಾರಿಯಲ್ಲಿ ವೇಗವಾಗಿಯೂ ಬೆನ್ನು, ಮಣಿಕಟ್ಟುಗಳಿಗೆ ಹಿತವಾಗಿಯೂ ಇರುವ ಈ ವಾಹನವು ಸುಮಾರು ಒಂದೂಕಾಲು ಶತಮಾನದಿಂದ ಇದ್ದರೂ ಎಂದಿಗೂ ದೊಡ್ಡ ಮಾರುಕಟ್ಟೆಯನ್ನು ಕಾಣಲಿಲ್ಲ. ಹಾಗೆಂದು ಅದು ಅಳಿದೂ ಹೋಗಲಿಲ್ಲ. ದೊಡ್ಡ ಕಂಪನಿಗಳು ಬಂದು ನೋಡಿ ಕೈಬಿಟ್ಟ ಈ ಸರಕನ್ನು ಯುರೋಪು, ಅಮೆರಿಕ, ಆಸ್ಟ್ರೇಲಿಯಗಳ ಹತ್ತಾರು ಸಣ್ಣ ಕಾರ್ಖಾನೆಗಳು ದಶಕಗಳ ಕಾಲ ತಯಾರಿಸುತ್ತ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ಗ್ರಾಹಕರ ಅಭಿರುಚಿಗಿಂತ ಮೊದಲು ಒಂದು ನಿಯಮಾವಳಿಯ ಕಥೆ ಎದುರಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜಿನೀವಾದಲ್ಲಿ ಶಾಲಾಂ ಎಂಬಾತ ಇಂಥದೊಂದು ಸೈಕಲ್ಲನ್ನು ತಯಾರಿಸಿದ್ದನು. 1920ರ ದಶಕದ ಆರಂಭದಲ್ಲಿ ಜೆಪ್ಪೆಲಿನ್ ವಾಯುನೌಕೆಗಳ ಆಕಾರವನ್ನು ರೂಪಿಸಿದ ಎಂಜಿನಿಯರ್ ಪಾಲ್ ಯಾರೈ ವಿನ್ಯಾಸಗೊಳಿಸಿದ, ಸನ್ನೆಗಳನ್ನು ತುಳಿದು ನಡೆಸುವ ಒರಗು ಸೈಕಲ್ಲು ಜರ್ಮನಿಯಲ್ಲಿ ಕೆಲಕಾಲ ಮಾರಾಟವಾಯಿತು. ಇವೆರಡೂ ಪ್ರಯೋಗಗಳಾಗಿಯೇ ಉಳಿದವು. ಚರಿತ್ರೆಯ ನಿಜವಾದ ತಿರುವು ಬಂದದ್ದು ಪ್ಯಾರಿಸ್ಸಿನ ಪಕ್ಕದ ಪ್ಯೂಟೊ ಎಂಬಲ್ಲಿ ಹಗುರವಾದ ಕಾರುಗಳನ್ನು ತಯಾರಿಸುತ್ತಿದ್ದ ಷಾರ್ಲ್ ಮೋಶೆಯಿಂದ. ಮಗ ಜಾರ್ಜ್‌ನಿಗೆ ಆಟಕ್ಕೆಂದು ಅವನು ಮಾಡಿಕೊಟ್ಟ ನಾಲ್ಕು ಚಕ್ರದ ಪೆಡಲ್ ಬಂಡಿ ದೊಡ್ಡವರಿಗೂ ಹಿಡಿಸಿದ್ದರಿಂದ, ಇಬ್ಬರು ಅಕ್ಕಪಕ್ಕ ಕುಳಿತು ತುಳಿಯುವ 'ವೆಲೋಕಾರ್' ಎಂಬ ವಾಹನವನ್ನು ಅವನು ಮಾರತೊಡಗಿದನು. ಆ ಬಂಡಿಯು ನೇರ ದಾರಿಯಲ್ಲಿ ಸೈಕಲ್ಲುಗಳನ್ನು ಹಿಂದಿಕ್ಕುತ್ತಿದ್ದರೂ ತಿರುವುಗಳಲ್ಲಿ ತಡಕಾಡುತ್ತಿತ್ತು. ಅದಕ್ಕಾಗಿ ಮೋಶೆ 1930ರ ದಶಕದ ಮೊದಲಲ್ಲಿ ಆ ಬಂಡಿಯನ್ನು ಉದ್ದಕ್ಕೆ ಸೀಳಿದರೆ ಸಿಗಬಹುದಾದಂಥ, ಎರಡೇ ಚಕ್ರಗಳ ಒರಗು ಸೈಕಲ್ಲನ್ನು ಕಟ್ಟಿದನು.

ಅದರ ವೇಗದ ಗುಟ್ಟು ಗಾಳಿಯಲ್ಲಿತ್ತು. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದ ಸವಾರನ ಶ್ರಮದ ಬಹುಪಾಲು ಎದುರುಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ; ಒರಗಿ ಕುಳಿತವನು ಗಾಳಿಗೆ ಒಡ್ಡುವ ಮೈಯ ವಿಸ್ತಾರ ಕಡಿಮೆಯಾದ್ದರಿಂದ ಅದೇ ತುಳಿತಕ್ಕೆ ಅವನು ಹೆಚ್ಚು ದೂರ ಸಾಗುತ್ತಾನೆ. ಇದನ್ನು ಲೋಕಕ್ಕೆ ತೋರಿಸಲು ಮೋಶೆ ಆರಿಸಿಕೊಂಡದ್ದು ಟ್ರ್ಯಾಕಿನ ಎರಡನೆಯ ಸಾಲಿನ ಓಟಗಾರನೆನಿಸಿದ್ದ ಫ್ರಾನ್ಸಿಸ್ ಫೋರ್ ಎಂಬಾತನನ್ನು. ಒಂದು ಗಂಟೆಯಲ್ಲಿ ಕ್ರಮಿಸಿದ ದೂರವನ್ನು ಅಳೆಯುವ 'ಗಂಟೆಯ ದಾಖಲೆ' ಸೈಕಲ್ ಲೋಕದಲ್ಲಿ ಅತ್ಯಂತ ಗೌರವದ್ದು. ಸ್ವಿಟ್ಜರ್ಲೆಂಡಿನ ಆಸ್ಕರ್ ಎಗ್ 1914ರಲ್ಲಿ ಸ್ಥಾಪಿಸಿದ್ದ 44.247 ಕಿಲೋಮೀಟರಿನ ದಾಖಲೆ ಸುಮಾರು ಎರಡು ದಶಕ ಯಾರ ಕೈಗೂ ಸಿಕ್ಕಿರಲಿಲ್ಲ. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫೋರ್ ಒರಗು ಸೈಕಲ್ಲಿನ ಮೇಲೆ 45.055 ಕಿಲೋಮೀಟರ್ ಸಾಗಿದನು. ಅದೇ ವರ್ಷದ ಆಗಸ್ಟ್‌ನಲ್ಲಿ ಸಾಮಾನ್ಯ ಸೈಕಲ್ಲಿನ ಮೇಲೆ ಫ್ರಾನ್ಸಿನ ಮೊರಿಸ್ ರಿಶಾರ್ 44.777 ಕಿಲೋಮೀಟರ್ ಸಾಗಿ ಎಗ್‌ನ ಗುರುತನ್ನು ದಾಟಿದ್ದರಿಂದ, ದಾಖಲೆ ಯಾರದೆಂಬ ಪ್ರಶ್ನೆ ಕ್ರೀಡೆಯ ಆಡಳಿತ ನಡೆಸುವ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ, ಅಂದರೆ ಯುಸಿಐಯ, ಮೇಜಿನ ಮುಂದೆ ಬಂದಿತು.

1934ರ ಫೆಬ್ರವರಿಯಲ್ಲಿ ಸೇರಿದ ಒಕ್ಕೂಟದ ಸಭೆ ದಾಖಲೆಯ ತಕರಾರನ್ನು ನೇರವಾಗಿ ಬಗೆಹರಿಸುವ ಬದಲು, ಪಂದ್ಯದ ಸೈಕಲ್ಲು ಎಂದರೇನು ಎಂಬುದನ್ನೇ ಅಳತೆ ಹಾಕಿ ಬರೆಯಿತು. ಪೆಡಲ್‌ಗಳ ಅಚ್ಚು ನೆಲದಿಂದ 24ರಿಂದ 30 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಸೀಟಿನ ಮುಂತುದಿ ಆ ಅಚ್ಚಿನಿಂದ 12 ಸೆಂಟಿಮೀಟರಿಗಿಂತ ಹಿಂದೆ ಇರಬಾರದು ಎಂಬಂಥ ಷರತ್ತುಗಳು ಏಪ್ರಿಲ್ 1ರಿಂದ ಜಾರಿಗೆ ಬಂದವು. ಒರಗು ಸೈಕಲ್ಲಿನ ಹೆಸರೆತ್ತದೆಯೇ ಅದನ್ನು ಹೊರಗಿಟ್ಟ ಈ ಅಳತೆಗಳ ಫಲವಾಗಿ ರಿಶಾರ್‌ನ ಸಾಧನೆ ಗಂಟೆಯ ದಾಖಲೆಯ ಸಾಲಿನಲ್ಲಿ ಉಳಿದು, ಫೋರ್‌ನದು ಬೇರೊಂದು ವರ್ಗಕ್ಕೆ ಸರಿಯಿತು. ಮೋಶೆ ಅದೇ ವರ್ಷ ತೀರಿಕೊಂಡನು. ಅವನ ಮಗ ಜಾರ್ಜ್ ಕೆಲಸ ಮುಂದುವರಿಸಿ, 1938ರಲ್ಲಿ ಹೊದಿಕೆ ತೊಡಿಸಿದ ವಾಹನದಲ್ಲಿ ಫೋರ್ ಗಂಟೆಗೆ 50 ಕಿಲೋಮೀಟರಿನ ಗಡಿ ದಾಟುವಂತೆ ಮಾಡಿದರೂ, ಪಂದ್ಯಗಳಿಂದ ಹೊರಬಿದ್ದ ವಾಹನಕ್ಕೆ ಸುದ್ದಿಯೂ ಇಲ್ಲ, ಸುದ್ದಿಯಿಲ್ಲದ್ದಕ್ಕೆ ಗಿರಾಕಿಯೂ ಇಲ್ಲ ಎಂಬಂತಾಯಿತು.

ಈ ತೀರ್ಮಾನದ ಅರ್ಥವೇನು ಎಂಬ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಒರಗು ಸೈಕಲ್ಲಿನ ಪಕ್ಷಪಾತಿಗಳು ಇದನ್ನು ದೊಡ್ಡ ಸೈಕಲ್ ತಯಾರಕರ ಹಿತಕ್ಕಾಗಿ ಹೂಡಿದ ಆಟವೆಂದು ನೋಡಿದರೆ, ಸ್ಪರ್ಧೆ ನಡೆಯಬೇಕಾದ್ದು ಓಟಗಾರರ ನಡುವೆಯೇ ಹೊರತು ಯಂತ್ರಗಳ ನಡುವೆ ಅಲ್ಲ ಎಂಬ ಒಕ್ಕೂಟದ ವಾದವನ್ನು ಸಾಚಾ ಎಂದು ಒಪ್ಪುವವರೂ ಇದ್ದಾರೆ. ಮೂರನೆಯ ಪಕ್ಷವೊಂದರ ಪ್ರಕಾರ ನಿಷೇಧವಿಲ್ಲದಿದ್ದರೂ ಈ ವಾಹನ ಮನೆಮನೆಗೆ ಬರುತ್ತಿರಲಿಲ್ಲ: ಏರುದಾರಿಯಲ್ಲಿ ಸವಾರ ಎದ್ದು ನಿಂತು ಮೈಭಾರ ಹಾಕಿ ತುಳಿಯುವಂತಿಲ್ಲ, ತಗ್ಗಾಗಿರುವುದರಿಂದ ಸಂದಣಿಯಲ್ಲಿ ಎದ್ದು ಕಾಣುವುದಿಲ್ಲ, ಚೌಕಟ್ಟು ಉದ್ದವಾದ್ದರಿಂದ ತೂಕವೂ ಬೆಲೆಯೂ ಹೆಚ್ಚು. ಈ ಕೊನೆಯ ವಾದದಲ್ಲಿ ಹುರುಳಿದೆ. ಆದರೆ ಸಾಮಾನ್ಯ ಸೈಕಲ್ಲಿನ ಕೊರತೆಗಳನ್ನು ಪಂದ್ಯಗಳ ಒತ್ತಡ, ದೊಡ್ಡ ಕಂಪನಿಗಳ ಹಣ ಎರಡೂ ಸೇರಿ ದಶಕಗಟ್ಟಲೆ ತಿದ್ದುತ್ತ ಬಂದವು, ಒರಗು ಸೈಕಲ್ಲಿನ ಕೊರತೆಗಳನ್ನು ತಿದ್ದುವವರು ಮೂವತ್ತು ವರ್ಷ ಇಲ್ಲವೆನ್ನುವಷ್ಟು ವಿರಳವಾಗಿದ್ದರು ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮರುಹುಟ್ಟು ಬಂದದ್ದು ಅಂಗಡಿಯಿಂದಲ್ಲ, ವಿಶ್ವವಿದ್ಯಾಲಯಗಳಿಂದ. ಅಮೆರಿಕದ ಎಂಐಟಿ ಸಂಸ್ಥೆಯ ಪ್ರಾಧ್ಯಾಪಕ ಡೇವಿಡ್ ಗಾರ್ಡನ್ ವಿಲ್ಸನ್ 1960ರ ದಶಕದ ಕೊನೆಯಲ್ಲಿ ಮಾನವಶಕ್ತಿಯ ವಾಹನಗಳ ವಿನ್ಯಾಸಸ್ಪರ್ಧೆಯೊಂದನ್ನು ಏರ್ಪಡಿಸಿ ಆಸಕ್ತರನ್ನು ಒಂದೆಡೆ ತಂದರು. ಅವರ ವಿನ್ಯಾಸಗಳಿಂದ ಬೆಳೆದ 'ಅವತಾರ್ 2000' ಎಂಬ ಒರಗು ಸೈಕಲ್ಲು ಮ್ಯಾಸಚೂಸೆಟ್ಸ್‌ನ ಸಣ್ಣ ಕಾರ್ಖಾನೆಯೊಂದರಿಂದ ಹೊರಬಂದಿತು. ಕ್ಯಾಲಿಫೋರ್ನಿಯದಲ್ಲಿ ಪ್ರಾಧ್ಯಾಪಕ ಚೆಸ್ಟರ್ ಕೈಲ್ 1975ರಲ್ಲಿ ಯಾವ ಅಳತೆಯ ಕಟ್ಟುಪಾಡೂ ಇಲ್ಲದ ವೇಗಸ್ಪರ್ಧೆಯನ್ನು ನಡೆಸಿ, ಮರುವರ್ಷ ಅಂತಾರಾಷ್ಟ್ರೀಯ ಮಾನವಶಕ್ತಿ ವಾಹನ ಸಂಘದ ಸ್ಥಾಪನೆಯಲ್ಲಿ ಮುಂದಾದರು. ಯುಸಿಐ ಬಾಗಿಲು ಮುಚ್ಚಿದ್ದರಿಂದ ಹೊರಗಿನವರು ತಮ್ಮದೇ ಅಂಗಳ ಹಾಕಿಕೊಂಡರು ಎಂದರೂ ಸರಿಯೆ. ಆ ಅಂಗಳದಿಂದಲೇ ಮೊದಲ ತಲೆಮಾರಿನ ತಯಾರಕರು ಹೊರಟರು. ಗಾರ್ಡನರ್ ಮಾರ್ಟಿನ್ ನಡೆಸುತ್ತಿದ್ದ ಈಜಿ ರೇಸರ್ಸ್ ಎಂಬ ಪುಟ್ಟ ಸಂಸ್ಥೆ ಕಟ್ಟಿದ 'ಗೋಲ್ಡ್ ರಷ್' ವಾಹನದಲ್ಲಿ ಫ್ರೆಡ್ ಮಾರ್ಕಮ್ 1986ರಲ್ಲಿ ಗಂಟೆಗೆ 105 ಕಿಲೋಮೀಟರಿಗೂ ಮೀರಿದ ವೇಗ ಮುಟ್ಟಿ, ಗಂಟೆಗೆ 65 ಮೈಲಿ ದಾಟಿದ ಮೊದಲಿಗರಿಗೆಂದು ಡುಪಾಂಟ್ ಕಂಪನಿ ಇಟ್ಟಿದ್ದ 18,000 ಡಾಲರಿನ ಬಹುಮಾನವನ್ನು ಗೆದ್ದುಕೊಂಡನು. ಜಾಹೀರಾತಿಗೆ ಹಣವಿಲ್ಲದ ಸಂಸ್ಥೆಗೆ ಆ ದಾಖಲೆಯೇ ಜಾಹೀರಾತಾಯಿತು.

ಇಂಥ ಕಾರ್ಖಾನೆಗಳು ಬದುಕಿದ ಬಗೆಯನ್ನು ತಿಳಿಯಲು ವಾಹನವನ್ನೇ ತುಸು ಹತ್ತಿರದಿಂದ ನೋಡಬೇಕು. ಆಸನವನ್ನೂ ಹಿಂಚಕ್ರವನ್ನೂ ಹಿಡಿದಿರುವ ಮುಖ್ಯ ಕೊಳವೆಯ ಒಳಗೆ ಇನ್ನೊಂದು ಕೊಳವೆ ಜಾರುತ್ತದೆ. ಅದರ ತುದಿಯಲ್ಲಿ ಪೆಡಲ್‌ಗಳಿರುತ್ತವೆ. ಸವಾರನ ಕಾಲಿನ ಉದ್ದ ನೋಡಿ ಆ ಕೊಳವೆಯನ್ನು ಹೊರಕ್ಕೆಳೆದರೆ ಚೈನು ಸಾಲದೆ ಹೋಗುತ್ತದೆ, ಒಳಕ್ಕೆ ತಳ್ಳಿದರೆ ಜೋಲುತ್ತದೆ. ಆದ್ದರಿಂದ ಮೂರು ಸಾಮಾನ್ಯ ಸೈಕಲ್ಲುಗಳ ಚೈನನ್ನು ಕೊಂಡಿ ಹಾಕಿ ಜೋಡಿಸಿದಷ್ಟು ಉದ್ದದ ಚೈನನ್ನು ಪ್ರತಿ ಗಿರಾಕಿಗೂ ಎಣಿಸಿ ಕತ್ತರಿಸಿ, ಆಸನದಡಿಯ ಹಲ್ಲುಗಾಲಿಯೊಂದರ ಮೇಲೆ ಹಾಯಿಸಿ, ಬಟ್ಟೆಗೆ ಎಣ್ಣೆ ತಾಗದಂತೆ ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಬೇಕಾಗುತ್ತದೆ. ಸಾವಿರಗಟ್ಟಲೆ ಒಂದೇ ಅಚ್ಚಿನ ಸೈಕಲ್ಲುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸುವ ಕಂಪನಿಗೆ ಈ ಕೆಲಸ ಬರೀ ತಲೆನೋವು, ಮುಂಗಡ ಪಡೆದು ಒಂದೊಂದಾಗಿ ಕಟ್ಟಿಕೊಡುವ ಕಾರ್ಖಾನೆಗೆ ಅದೇ ಬಂಡವಾಳ. ಅಮೆರಿಕದ ಟ್ರೆಕ್, ಕ್ಯಾನನ್‌ಡೇಲ್‌ಗಳಂಥ ದೊಡ್ಡ ಹೆಸರುಗಳು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಒರಗು ಸೈಕಲ್ಲುಗಳನ್ನು ಮಾರುಕಟ್ಟೆಗೆ ಬಿಟ್ಟು, ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡದ್ದಕ್ಕೆ ಇದಕ್ಕಿಂತ ಬೇರೆ ವಿವರಣೆ ಹುಡುಕಬೇಕಾಗಿಲ್ಲ.

ಇದಕ್ಕೆ ಜೊತೆಯಾದದ್ದು ಬಿಡಿಭಾಗಗಳ ಅನುಕೂಲ. ಚೌಕಟ್ಟು, ಆಸನ, ಹ್ಯಾಂಡಲ್ ಇವಷ್ಟೇ ವಿಶೇಷ; ಗೇರು, ಬ್ರೇಕು, ರಿಮ್ಮು, ಟೈರು, ಫ್ರೀವೀಲ್ ಎಲ್ಲವೂ ಶಿಮಾನೊದಂಥ ಕಂಪನಿಗಳು ಇಡೀ ಜಗತ್ತಿನ ಸಾಮಾನ್ಯ ಸೈಕಲ್ಲುಗಳಿಗಾಗಿ ತಯಾರಿಸುವವೇ ಆಗಿದ್ದರಿಂದ, ವರ್ಷಕ್ಕೆ ಕೆಲವು ನೂರು ವಾಹನಗಳನ್ನು ಕಟ್ಟುವವನಿಗೂ ಉತ್ತಮ ದರ್ಜೆಯ ಭಾಗಗಳು ಸಿಕ್ಕವು. ತನ್ನನ್ನು ಹೊರಗಿಟ್ಟ ಉದ್ಯಮದ ಬೆನ್ನ ಮೇಲೆಯೇ ಒರಗು ಸೈಕಲ್ಲು ಸವಾರಿ ಮಾಡಿತು.

ಪ್ರತಿ ಊರಿನ ತಯಾರಕ ಇದಕ್ಕೆ ತನ್ನದೊಂದು ಉಪಾಯ ಸೇರಿಸಿಕೊಂಡನು. ಕನ್ಸಾಸ್‌ನ ಹೇಸ್ ಪಟ್ಟಣದ ರ‍್ಯಾನ್ಸ್ ಸಂಸ್ಥೆ ಲಘು ವಿಮಾನಗಳ ಜೊತೆಜೊತೆಗೆ ಸೈಕಲ್ಲು ಕಟ್ಟಿದ್ದರಿಂದ ಒಂದು ಕಸುಬಿನ ಬಡ ವರ್ಷವನ್ನು ಇನ್ನೊಂದು ಕಸುಬು ತೂಗಿಸಬಹುದಿತ್ತು. ಡೆನ್ಮಾರ್ಕಿನಲ್ಲಿ ಕಾರ್ಲ್ ಗೇಯಾರ್ಗ್ ರಾಸ್ಮುಸೆನ್ 1980ರ ದಶಕದಿಂದ 'ಲೈತ್ರಾ' ಎಂಬ ಹೊದಿಕೆಯುಳ್ಳ ಮೂರು ಚಕ್ರದ ವಾಹನವನ್ನು ಬಿಡಿಬಿಡಿಯಾಗಿ ಕಟ್ಟಿಕೊಡುತ್ತ ಹೋದರು. ನೆದರ್‌ಲ್ಯಾಂಡ್ಸ್‌ನ ಡ್ರೊಂಟನ್ ಪಟ್ಟಣದ ಫ್ಲೇವೊಬೈಕ್ 1990ರ ದಶಕದಲ್ಲಿ ಅಂಥ ಹೊದಿಕೆಯ ವಾಹನವನ್ನು ಬಿಡಿಭಾಗಗಳ ಕಟ್ಟಾಗಿ ಮಾರಿ ಜೋಡಿಸುವ ಶ್ರಮವನ್ನು ಗಿರಾಕಿಗೇ ಬಿಟ್ಟಿತು. ಅಲ್ಲಿ ಪಳಗಿದವರು ಅದೇ ಪಟ್ಟಣದಲ್ಲಿ ಇನ್ನೊಂದು ಸಂಸ್ಥೆ ತೆರೆದು 'ಕ್ವೆಸ್ಟ್' ಎಂಬ ವಾಹನವನ್ನು ಹೊರತಂದರು. ಜರ್ಮನಿಯಲ್ಲಿ ವಿದ್ಯಾರ್ಥಿದೆಸೆಯಲ್ಲೇ ಇಂಥ ವಾಹನ ಕಟ್ಟಿದ್ದ ಪಾಲ್ ಹೊಲಾಂಟ್ಸ್ ಮತ್ತು ಡೇನಿಯಲ್ ಪುಲ್ವರ್‌ಮ್ಯುಲರ್ 1993ರಲ್ಲಿ ಆರಂಭಿಸಿದ ಎಚ್‌ಪಿ ವೆಲೊಟೆಕ್ನಿಕ್, ಫ್ರಾಂಕ್‌ಫರ್ಟ್ ಬಳಿಯ ಕ್ರಿಫ್ಟೆಲ್‌ನಲ್ಲಿ ಗಿರಾಕಿ ಆರಿಸಿದ ಭಾಗಗಳನ್ನೇ ಹಾಕಿ ಪ್ರತಿ ವಾಹನವನ್ನೂ ಜೋಡಿಸುವ ಪದ್ಧತಿಯನ್ನು ಬೆಳೆಸಿತು.

ಎಲ್ಲಕ್ಕಿಂತ ದೊಡ್ಡ ಆಸರೆಯಾದದ್ದು ಮಾತ್ರ ವೇಗವಲ್ಲ, ಮೂರನೆಯ ಚಕ್ರ. ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ಒರಗು ತ್ರಿಚಕ್ರಿ ಸುಲಭವಾಗಿ ಬೀಳುವುದಿಲ್ಲ, ನಿಲ್ಲಿಸಿದಾಗ ಕಾಲೂರಬೇಕಿಲ್ಲ. ಸೊಂಟ ನೋವಿನವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರು, ಸಮತೋಲ ಕಳೆದುಕೊಂಡವರು, ವಯಸ್ಸಾದವರು ಇದನ್ನು ಹುಡುಕಿಕೊಂಡು ಬಂದರು. ಮೆಲ್ಬರ್ನ್‌ನ ಗ್ರೀನ್‌ಸ್ಪೀಡ್, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಐಸ್, ಫ್ಲೋರಿಡಾದ ಕ್ಯಾಟ್ರೈಕ್, ಮಿಷಿಗನ್‌ನ ಟೆರಾಟ್ರೈಕ್ ಇವೆಲ್ಲ ತ್ರಿಚಕ್ರಿಯನ್ನೇ ನೆಚ್ಚಿ ಬೆಳೆದವು. ದಾಖಲೆ ಮುರಿಯುವ ಯುವಕರಿಗಾಗಿ ಹುಟ್ಟಿದ ವಾಹನ ಕೊನೆಗೆ ಅರವತ್ತು ದಾಟಿದವರ ಕೈಯಲ್ಲಿ ಉಳಿದುಕೊಂಡಿತು. ಈ ದಾರಿಯಲ್ಲಿ ಎಡವಿದವರೂ ಇದ್ದಾರೆ: ಒರೆಗಾನ್‌ನ ಬೈಕ್-ಇ ಅಗ್ಗದ ಬೆಲೆಯಲ್ಲಿ ದೊಡ್ಡ ಸಂಖ್ಯೆಯನ್ನು ಗುರಿಯಾಗಿಟ್ಟುಕೊಂಡು ಅಮೆರಿಕದ ಮುಂಚೂಣಿಯ ಒರಗು ಸೈಕಲ್ ಸಂಸ್ಥೆಯಾಗಿ ಬೆಳೆದಿದ್ದರೂ, ಭಾಗಗಳ ದೋಷಕ್ಕಾಗಿ ಮಾರಿದ ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಗಿ ಬಂದು 2002ರಲ್ಲಿ ಬಾಗಿಲು ಹಾಕಿತು. ವಿಸ್ತರಿಸಿದಷ್ಟೂ ಒಂದು ತಪ್ಪಿನ ಬೆಲೆ ಹೆಚ್ಚುತ್ತದೆಂಬುದು ಸಣ್ಣ ಸಂಸ್ಥೆಗಳಿಗೆ ಅಲ್ಲಿ ಸಿಕ್ಕ ಪಾಠ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಕಥೆಯೆಂದರೆ ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರಿನದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ 1990ರ ಸೌರಕಾರಿನ ಓಟಗಳಲ್ಲಿ ಭಾಗವಹಿಸಿದ ತಂಡದಲ್ಲಿದ್ದ ಚೇತನ್ ಮೈನಿ, ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯದ ಅಮೆರಿಗಾನ್ ಕಂಪನಿಗಳು 1994ರಲ್ಲಿ ಕೂಡಿ ಸ್ಥಾಪಿಸಿದ ಸಂಸ್ಥೆಯ ಮೂಲಕ, ಬೊಮ್ಮಸಂದ್ರದಲ್ಲಿ ತಯಾರಾದ ಪುಟ್ಟ ಕಾರನ್ನು 2001ರಲ್ಲಿ ರಸ್ತೆಗಿಳಿಸಿದರು. ಸೀಸ–ಆಮ್ಲದ ಬ್ಯಾಟರಿಗಳ ಮೇಲೆ ಓಡುವ, ಪ್ಲಾಸ್ಟಿಕ್ ಮೈಯ ಆ ಕಾರಿಗೆ ತವರಿನಲ್ಲಿ ಗಿರಾಕಿಗಳು ವಿರಳವಾಗಿದ್ದರು. ಅದರ ಕೈಹಿಡಿದದ್ದು ಲಂಡನ್. 2003ರ ಫೆಬ್ರವರಿಯಲ್ಲಿ ಆ ನಗರ ನಡುಪೇಟೆಗೆ ಬರುವ ಕಾರುಗಳ ಮೇಲೆ ದಟ್ಟಣೆ ಶುಲ್ಕ ಹಾಕಿ ವಿದ್ಯುತ್ ವಾಹನಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಯುರೋಪಿನ ಕಾನೂನಿನಲ್ಲಿ ಹಗುರವಾದ ಚತುಶ್ಚಕ್ರಿಗಳಿಗೆಂದೇ ಇದ್ದ ಪ್ರತ್ಯೇಕ ವರ್ಗಕ್ಕೆ ರೇವಾ ಸೇರುತ್ತಿದ್ದುದರಿಂದ ಕಾರುಗಳಿಗೆ ಕಡ್ಡಾಯವಾದ ಢಿಕ್ಕಿ ಪರೀಕ್ಷೆಯೂ ಅದಕ್ಕೆ ಬೇಕಿರಲಿಲ್ಲ. 'ಜಿ-ವಿಜ್' ಎಂಬ ಹೆಸರಿನಲ್ಲಿ ಅದು ಅಲ್ಲಿ ಓಡಾಡತೊಡಗಿತು. ಒರಗು ಸೈಕಲ್ಲನ್ನು ಮೂಲೆಗೆ ತಳ್ಳಿದ್ದು ಒಂದು ನಿಯಮವಾದರೆ, ರೇವಾ ಕಾರಿಗೆ ಮೂಲೆಯೊಂದನ್ನು ಒದಗಿಸಿದ್ದು ಇನ್ನೊಂದು ನಿಯಮ.

ಆದರೆ ಮುಂದಿನ ದಾರಿಗಳು ಬೇರೆಯಾದವು. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಢಿಕ್ಕಿ ಪರೀಕ್ಷೆಗಳ ಫಲಿತಾಂಶ ಆ ಕಾರಿನ ಸುರಕ್ಷತೆಯನ್ನು ಪ್ರಶ್ನಿಸಿದಾಗ, ಯಾವ ನಿಯಮದ ಸಡಿಲಿಕೆ ವರವಾಗಿತ್ತೋ ಅದೇ ಟೀಕೆಗೆ ಗುರಿಯಾಯಿತು. ಸಂಸ್ಥೆ ಸುಧಾರಿತ ಮಾದರಿಯನ್ನೂ ಆಮೇಲೆ ಲಿಥಿಯಂ ಬ್ಯಾಟರಿಯ ಕಾರನ್ನೂ ತಂದಿತು, ಎರಡು ಡಜನ್ ದೇಶಗಳಲ್ಲಿ ಸೇರಿ ಕೆಲವೇ ಸಾವಿರ ಕಾರುಗಳನ್ನು ಮಾರಿತು. 2010ರ ಮೇ ತಿಂಗಳಿನಲ್ಲಿ ಮಹೀಂದ್ರ ಕಂಪನಿ ಅದರ ಶೇ 55.2ರಷ್ಟು ಪಾಲನ್ನು ಕೊಂಡಿತು. ಸೈಕಲ್ ತಯಾರಕನಿಗೆ ಸಿದ್ಧ ಗೇರು, ಸಿದ್ಧ ಬ್ರೇಕು ಪೇಟೆಯಲ್ಲಿ ಸಿಗುತ್ತಿದ್ದವು. ರೇವಾಕ್ಕೆ ಬ್ಯಾಟರಿಯ ಹತೋಟಿಯಿಂದ ಹಿಡಿದು ಬಹುಪಾಲು ತಂತ್ರವನ್ನು ತಾನೇ ಕಟ್ಟಿಕೊಳ್ಳಬೇಕಿತ್ತು, ಹೊಸ ಮಾದರಿಯೆಂದರೆ ಹೊಸ ಬಂಡವಾಳ. ಅದು ಸೋತಿತೆನ್ನುವುದು ಅನ್ಯಾಯ. ಸಣ್ಣದಾಗಿಯೇ ಉಳಿಯುವ ಆಯ್ಕೆ ಅದಕ್ಕಿರಲಿಲ್ಲ ಎನ್ನುವುದು ಸರಿ.

ಸಣ್ಣದಾಗಿ ಉಳಿಯಲಾರದ ಉದ್ಯಮ ಎಂತಹದು ಎಂಬುದನ್ನು ಕೋಲಾರದ ಚಿನ್ನದ ಗಣಿ ಪ್ರದೇಶದವರಿಗೆ ಯಾರೂ ವಿವರಿಸಬೇಕಿಲ್ಲ. ಬಂಗಾರಪೇಟೆಯಿಂದ ಕೋರಮಂಡಲ್, ಊರ್ಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂವರೆಗೆ ಹೋಗುವ ರೈಲುಮಾರ್ಗವೇ ಗಣಿಗಾಗಿ ಹುಟ್ಟಿದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಬಂದು, 1956ರಲ್ಲಿ ಮೈಸೂರು ಸರ್ಕಾರದ್ದಾಗಿ, 1962ರಲ್ಲಿ ಕೇಂದ್ರಕ್ಕೆ ಸೇರಿ, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಆಗಿ ನಡೆದ ಆ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅದಿರು ಎಷ್ಟೇ ಬಡವಾಗಲಿ, ಅಷ್ಟು ಆಳದಿಂದ ನೀರೆತ್ತುವ ಪಂಪು, ಗಾಳಿ ಇಳಿಸುವ ಯಂತ್ರ, ಜನರನ್ನು ಇಳಿಸಿ ಏರಿಸುವ ತೊಟ್ಟಿಲು ಇವುಗಳ ಖರ್ಚು ಇಳಿಯುವುದಿಲ್ಲ. ಅರ್ಧ ಗಣಿ ಎಂಬುದೊಂದು ಇಲ್ಲ. ತೆಗೆದ ಚಿನ್ನವನ್ನು ಪೇಟೆಯ ಧಾರಣೆಗೆ ಮಾರಲಾಗದೆ ಅದಕ್ಕಿಂತ ಬಹಳ ಕಡಿಮೆಯಾದ ಅಂತಾರಾಷ್ಟ್ರೀಯ ನಿಗದಿ ಬೆಲೆಗೆ ಸರ್ಕಾರಕ್ಕೆ ಒಪ್ಪಿಸಬೇಕಿದ್ದ ವರ್ಷಗಳೂ ಇದ್ದವು. ಅಲ್ಲಿಯೂ ಲಾಭನಷ್ಟವನ್ನು ಬರೆದದ್ದು ದೂರದ ನಿಯಮವೊಂದು. 2001ರ ಫೆಬ್ರವರಿ ಕೊನೆಯಲ್ಲಿ, ರೇವಾ ಹೊರಬಂದ ವರ್ಷವೇ, ಗಣಿಗಳು ಮುಚ್ಚಿದವು. ಊರಿನಲ್ಲಿ ಉಳಿದ ದೊಡ್ಡ ಕಾರ್ಖಾನೆ 1964ರಲ್ಲಿ ಆರಂಭವಾದ ಬಿಇಎಂಎಲ್ ಸಂಸ್ಥೆಯ ಮಣ್ಣೆತ್ತುವ ಯಂತ್ರಗಳ ಘಟಕ. ಮಿಕ್ಕ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಗಣಿ ಮುಚ್ಚಿದಂದಿನಿಂದ ಈ ಪ್ರದೇಶದ ಪುನರುಜ್ಜೀವನದ ಮಾತು ಬಂದಾಗಲೆಲ್ಲ ದೊಡ್ಡದೊಂದು ಕಂಪನಿಯ ನಿರೀಕ್ಷೆಯೇ ಮುಂದೆ ಬರುತ್ತದೆ. ಲೋಹ ಕಡೆಯುವ, ವೆಲ್ಡಿಂಗ್ ಮಾಡುವ ಕೈಗಳು ತಲೆಮಾರುಗಳಿಂದ ಇರುವ ಊರಿಗೆ ಡ್ರೊಂಟನ್ ಅಥವಾ ಕ್ರಿಫ್ಟೆಲ್‌ನ ಉದಾಹರಣೆ ಅಪ್ರಸ್ತುತವಲ್ಲ: ಅಲ್ಲಿ ಬೇಕಾದದ್ದು ಎಕರೆಗಟ್ಟಲೆ ಜಮೀನಲ್ಲ, ಕೊಳವೆ ಬಗ್ಗಿಸುವ ಒಂದು ಯಂತ್ರಶಾಲೆ, ಸಿದ್ಧ ಬಿಡಿಭಾಗಗಳ ಪೂರೈಕೆ, ಮತ್ತು ಅಂಗವೈಕಲ್ಯವುಳ್ಳವರಿಗೆ, ವಯಸ್ಸಾದವರಿಗೆ ಅಳತೆ ನೋಡಿ ವಾಹನ ಕಟ್ಟಿಕೊಡುವ ತಾಳ್ಮೆ. ಅಂಥ ತ್ರಿಚಕ್ರಿಗೆ ಗಿರಾಕಿಗಳು ಭಾರತದಲ್ಲಿ ಇಲ್ಲವೆನ್ನಲಾಗದು. ಅವರ ಕೈಗೆಟುಕುವ ಬೆಲೆಯೇ ಇಲ್ಲಿನ ಕಠಿಣ ಪ್ರಶ್ನೆ. ನಿಯಮ ಮಾತ್ರ ಈ ಸಲ ಸಣ್ಣವರಿಗೆ ಅಡ್ಡ ನಿಂತಿಲ್ಲ. ಬರೀ ಪೆಡಲ್ ತುಳಿದು ನಡೆಸುವ ವಾಹನಕ್ಕೆ ನೋಂದಣಿಯ ಗೊಡವೆಯಿಲ್ಲ. ವಿದ್ಯುತ್ ನೆರವು ಸೇರಿಸಿದರೂ ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆಯಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದ ವಾಹನವು, ನಿಗದಿತ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದಿದ್ದರೆ, ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರು ವಾಹನವೇ ಅಲ್ಲ.